ಆರ್.ಎ.ಬಿ. ಯಾರು ಅಂತ ಆರನೇ ಪುಸ್ತಕದಲ್ಲೇ ಹೇಳಬಹುದಿತ್ತಾ?

ಗೂಬೆಯಂಚೆ:
ಹ್ಯಾರಿ ಪಾಟರ್ ಸರಣಿಯ ಏಳೂ ಪುಸ್ತಕ ಓದದವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ. ಮುಂದೆ ಗುಟ್ಟೆಲ್ಲ ರಟ್ಟಾಗುತ್ತದೆ.

ಆರನೇ ಪುಸ್ತಕ ಬಂದದ್ದು 2005ರ ಜುಲೈ 16ಕ್ಕೆ. ಏಳನೆಯದು 2007ರ ಜುಲೈ 21ಕ್ಕೆ. ನಡುವಿನ ಎರಡು ವರ್ಷ ಓದುಗರು ತಲೆ ಕೆಡಿಸಿಕೊಂಡ ದೊಡ್ಡ ಪ್ರಶ್ನೆಗಳಲ್ಲಿ ಎರಡು ಎಲ್ಲರಿಗೂ ನೆನಪಿರುತ್ತವೆ. ಮಾಂತ್ರಿಕ ಶಾಲೆಯ ಮೇಷ್ಟ್ರು ಸ್ನೇಪ್ ಯಾರ ಕಡೆ? ಆರನೇ ಪುಸ್ತಕದ ಕೊನೆಯಲ್ಲಿ ಸಿಗುವ ಚೀಟಿಗೆ ಸಹಿ ಹಾಕಿದ ಆರ್.ಎ.ಬಿ. ಯಾರು? ಸ್ನೇಪ್ ಬಗ್ಗೆ ಇವತ್ತಿಗೂ ವಾದ ನಿಂತಿಲ್ಲ. ಆರ್.ಎ.ಬಿ. ವಿಷಯ ಬಂದರೆ ಮಾತ್ರ "ಅಯ್ಯೋ, ಅದು ಸಿರಿಯಸ್ ಬ್ಲ್ಯಾಕ್‌ನ ತಮ್ಮ ರೆಗ್ಯುಲಸ್ ಅಂತ ಎಲ್ಲರಿಗೂ ಗೊತ್ತಿತ್ತು ಬಿಡಿ" ಅಂತ ಒಂದೇ ಮಾತಲ್ಲಿ ಮುಗಿಸಿಬಿಡುತ್ತಾರೆ. ಹೇಗೆ ಗೊತ್ತಿತ್ತು? ಅದು ನನ್ನ ಪ್ರಶ್ನೆ. ಪುಸ್ತಕಗಳನ್ನಷ್ಟೇ ಓದಿದವರಿಗೆ ಅದು ಗೊತ್ತಾಗುವಂತೆ ಇತ್ತಾ, ಅಥವಾ ಸುಮ್ನೆ ಊಹೆ ಕೂಡಿಬಂತಾ?

ನೆನಪಿಗಾಗಿ ಒಂದಿಷ್ಟು. ಹ್ಯಾರಿ ಮತ್ತು ಆ ಶಾಲೆಯ ಮುಖ್ಯೋಪಾಧ್ಯಾಯ ಡಂಬಲ್‌ಡೋರ್ ಅಷ್ಟೊಂದು ಕಷ್ಟಪಟ್ಟು ಗುಹೆಯಿಂದ ತಂದ ಲಾಕೆಟ್ ನಕಲಿ. ಒಳಗೆ ಒಂದು ಚೀಟಿ. ನೀನು ಇದನ್ನು ಓದುವ ಹೊತ್ತಿಗೆ ನಾನು ಸತ್ತು ಬಹಳ ಕಾಲವಾಗಿರುತ್ತದೆ, ನಿನ್ನ ಗುಟ್ಟು ಕಂಡುಹಿಡಿದವನು ನಾನೇ, ನಿಜವಾದ ಹಾರ್‌ಕ್ರಕ್ಸ್ (ಸಾವು ಬರದಂತೆ ಆತ್ಮದ ಒಂದು ಚೂರು ಅಡಗಿಸಿಟ್ಟ ವಸ್ತು) ಕದ್ದಿದ್ದೇನೆ, ಆದಷ್ಟು ಬೇಗ ನಾಶ ಮಾಡುತ್ತೇನೆ ಅನ್ನುವುದು ಅದರ ಸಾರ. ಕೆಳಗೆ ಮೂರು ಅಕ್ಷರ.

ಎಲ್ಲರೂ ಆ ಮೂರು ಅಕ್ಷರಕ್ಕೆ ಬಿದ್ದರು. ನನ್ನ ಪ್ರಕಾರ ಬೀಗದ ಕೈ ಇರುವುದು ಚೀಟಿಯ ಮೊದಲ ಸಾಲಿನಲ್ಲಿ. ಅದು ಬರೆದಿರುವುದು "ಡಾರ್ಕ್ ಲಾರ್ಡ್"ಗೆ. ಸರಣಿಯ ಖಳನಾಯಕ ವೋಲ್ಡೆಮಾರ್ಟ್‌ನನ್ನೇ ಹಾಗೆ ಕರೆದಿರುವುದು, ಆದರೆ ಅವನ ಹೆಸರು ಹಿಡಿದಿಲ್ಲ. ಐದನೇ ಪುಸ್ತಕದಲ್ಲಿ, ಮನಸ್ಸನ್ನು ಮುಚ್ಚಿಡುವ ವಿದ್ಯೆಯ ಪಾಠದ ಹೊತ್ತಿಗೆ, ಹ್ಯಾರಿ ನೇರವಾಗಿ ಸ್ನೇಪ್‌ನನ್ನು ಕೇಳುತ್ತಾನೆ: ನೀವು ಅವನನ್ನು ಡಾರ್ಕ್ ಲಾರ್ಡ್ ಅಂತ ಯಾಕೆ ಕರೆಯುತ್ತೀರಿ, ಡೆತ್ ಈಟರ್‌ಗಳು (ಅವನ ಹಿಂಬಾಲಕರು) ಮಾತ್ರ ಹಾಗೆ ಕರೆಯೋದನ್ನು ಕೇಳಿದ್ದೇನೆ ಅಂತ. ಸರಣಿಯ ನಾಯಕನ ಬಾಯಲ್ಲೇ ಲೇಖಕಿ ಸುಳಿವು ಹೇಳಿಸಿದ್ದಾರೆ. ಹಾಗಾದರೆ ಚೀಟಿ ಬರೆದವನು ಡೆತ್ ಈಟರ್. ಅದರಲ್ಲೂ ಒಡೆಯನಿಗೆ ತಿರುಗಿಬಿದ್ದವನು. ಅದರಲ್ಲೂ ಸತ್ತವನು. ಅಂಥವರು ಆರು ಪುಸ್ತಕದಲ್ಲಿ ಎಷ್ಟು ಜನ ಇದ್ದಾರೆ ಹೇಳಿ?

ಹಳೆಪುಟ:
ವಾದ ಚೆನ್ನಾಗಿದೆ. ಆದರೆ ಒಪ್ಪಲಾರೆ. ಪ್ರೊಫೆಸರ್ ಟ್ರಿಲಾನಿ ಭವಿಷ್ಯವಾಣಿ ನುಡಿಯುವಾಗಲೂ ಡಾರ್ಕ್ ಲಾರ್ಡ್ ಅಂತಲೇ ಅನ್ನುತ್ತಾರೆ. ಅವರೇನು ಡೆತ್ ಈಟರ್ ಅಲ್ವಲ್ಲ.

ಇನ್ನು ಲಾಕೆಟ್ ವಿಷಯ. ಐದನೇ ಪುಸ್ತಕದಲ್ಲಿ ಗ್ರಿಮಾಲ್ಡ್ ಪ್ಲೇಸ್‌ನಲ್ಲಿರುವ ಬ್ಲ್ಯಾಕ್ ಮನೆತನದ ಮನೆ ಶುಚಿ ಮಾಡುವಾಗ ಗಾಜಿನ ಬೀರುವಿನಿಂದ ಏನೇನೋ ಹೊರಗೆ ಬರುತ್ತದೆ. ಕೇಳಿದವರಿಗೆ ಮಂಪರು ಹತ್ತಿಸುವ ಸಂಗೀತದ ಪೆಟ್ಟಿಗೆ, ಹಳೇ ಮುದ್ರೆಗಳು, ಒಂದು ಪದಕ. ಆ ಸಾಮಾನುಗಳ ಮಧ್ಯೆ "ಯಾರಿಂದಲೂ ತೆರೆಯಲಾಗದ ಭಾರವಾದ ಲಾಕೆಟ್" ಅನ್ನೋದು ಅರ್ಧ ವಾಕ್ಯ. ಆ ದಪ್ಪ ಪುಸ್ತಕದಲ್ಲಿ ಅರ್ಧ ವಾಕ್ಯ! ಎರಡು ವರ್ಷ ಬಿಟ್ಟು ಬಂದ ಮುಂದಿನ ಪುಸ್ತಕದ ಕೊನೆಯಲ್ಲಿ ಓದುಗ ಅದನ್ನು ನೆನಪಿಸಿಕೊಳ್ಳಬೇಕು ಅಂದರೆ ಅದು ಸುಳಿವು ಕೊಟ್ಟ ಹಾಗಲ್ಲ, ಬಚ್ಚಿಟ್ಟ ಹಾಗೆ. ಇದು ಮಕ್ಕಳ ಪುಸ್ತಕ ಅನ್ನೋದೂ ಮರೆಯಬಾರದು.

ಗೂಬೆಯಂಚೆ:
ಟ್ರಿಲಾನಿ ಆ ಮಾತು ಆಡುವುದು ಮೈಮೇಲೆ ಪ್ರಜ್ಞೆ ಇಲ್ಲದಾಗ. ಆಮೇಲೆ ಅವರಿಗೆ ನೆನಪೂ ಇರುವುದಿಲ್ಲ. ಎಚ್ಚರದಲ್ಲಿರುವ ಸಾಮಾನ್ಯ ಮಾಂತ್ರಿಕರು ಅವನ ಹೆಸರೆತ್ತದೆ "ನಿಮಗೆ ಗೊತ್ತಲ್ಲ, ಅವನು" ಅಂತಾರೆ. ಆ ವ್ಯತ್ಯಾಸವನ್ನು ಲೇಖಕಿ ಸರಣಿ ಉದ್ದಕ್ಕೂ ಕಾಪಾಡಿಕೊಂಡು ಬಂದಿದ್ದಾರೆ.

ಮಕ್ಕಳ ಪುಸ್ತಕ ಅನ್ನುವ ಮಾತಿಗೆ ನಾನು ಉಲ್ಟಾ ಹೇಳುತ್ತೇನೆ. ಒಂದೇ ಪುಸ್ತಕವನ್ನು ಮತ್ತೆ ಮತ್ತೆ ಓದುವವರು ಮಕ್ಕಳೇ. ನಾವು ಒಮ್ಮೆ ಓದಿ ಕಪಾಟಿಗೆ ಸೇರಿಸುತ್ತೇವೆ. ಅರ್ಧ ವಾಕ್ಯದ ಲಾಕೆಟ್ ಸಿಗುವುದು ಮೂರನೇ ಸಲ ಓದುವವರಿಗೆ.

ಮಳೆಬಿಲ್ಲು:
ಆಗಿನ ಕಾಲಕ್ಕೆ ಬೇರೆ ಹೆಸರುಗಳನ್ನೂ ಪರೀಕ್ಷೆ ಮಾಡಿ ನೋಡೋಣ. ಉತ್ತರ ಗೊತ್ತಿದೆ ಅಂತ ಮಿಕ್ಕವರನ್ನು ಸುಮ್ಮನೆ ತಳ್ಳಿಹಾಕಿದರೆ ನ್ಯಾಯ ಆಗಲ್ಲ.

ನನಗೆ ಬಲವಾಗಿ ಕಾಣುತ್ತಿದ್ದದ್ದು ಬರ್ಕ್ ಮನೆತನ. ಯಾಕೆ ಅಂದರೆ ಆ ಲಾಕೆಟ್ ನಿಜವಾಗಿಯೂ ಬರ್ಕ್ ಕೈಯಿಂದ ದಾಟಿ ಬಂದದ್ದು. ಬಸುರಿಯಾಗಿ, ದಿಕ್ಕಿಲ್ಲದೆ ಬಂದ ಮೆರೋಪಿಗೆ (ವೋಲ್ಡೆಮಾರ್ಟ್‌ನ ತಾಯಿ) ಬರೀ ಹತ್ತು ಗ್ಯಾಲಿಯನ್ ನಾಣ್ಯ ಕೊಟ್ಟು ಅದನ್ನು ಕಿತ್ತುಕೊಂಡವನು ಕ್ಯಾರಕ್ಟಕಸ್ ಬರ್ಕ್. ಅವನ ಅಂಗಡಿಯಲ್ಲೇ ಮುಂದೆ ಟಾಮ್ ರಿಡಲ್, ಅಂದರೆ ವೋಲ್ಡೆಮಾರ್ಟ್, ಕೆಲಸ ಮಾಡಿದ. ಲಾಕೆಟ್‌ನ ಬೆಲೆ, ಚರಿತ್ರೆ ಎರಡೂ ಗೊತ್ತಿರುವ ಮನೆ ಅದು. ಬಿ ಅಕ್ಷರವೂ ಕೂಡುತ್ತದೆ.

ಇನ್ನೊಬ್ಬರು ಮಾಂತ್ರಿಕ ಸಚಿವಾಲಯದ ಅಧಿಕಾರಿ ಅಮೇಲಿಯಾ ಬೋನ್ಸ್. ಆರನೇ ಪುಸ್ತಕದ ಶುರುವಿನಲ್ಲೇ ಅವರ ಕೊಲೆಯ ಸುದ್ದಿ ಬರುತ್ತದೆ. ಎ ಮತ್ತು ಬಿ ಎರಡೂ ಇವೆ.

ಹಳೆಪುಟ:
ಬೋನ್ಸ್ ಆಗಲು ಸಾಧ್ಯವೇ ಇಲ್ಲ. ಐದನೇ ಪುಸ್ತಕದ ವಿಚಾರಣೆಯಲ್ಲಿ ಅವರ ಪೂರ್ತಿ ಹೆಸರು ಓದಿ ಹೇಳುತ್ತಾರೆ, ಅಮೇಲಿಯಾ ಸೂಸನ್ ಬೋನ್ಸ್. ಆರ್ ಎಲ್ಲಿಂದ ತರುತ್ತೀರಿ?

ಬರ್ಕ್ ಬಗ್ಗೆ ನನಗೂ ಅನುಮಾನ ಇತ್ತು. ಆದರೆ ಬರ್ಕ್ ವ್ಯಾಪಾರಿ. ಕೈಗೆ ಸಿಕ್ಕಿದ್ದರೆ ಮಾರುತ್ತಿದ್ದ. ನಾಶ ಮಾಡುತ್ತೇನೆ ಅನ್ನುವ ಮನುಷ್ಯ ಅಲ್ಲ. ಸಾಯಲು ತಯಾರಾಗಿ ಚೀಟಿ ಬರೆಯುವ ಜಾತಿಯಂತೂ ಅಲ್ಲವೇ ಅಲ್ಲ.

ಹ್ಯಾರಿಯ ಗೆಳತಿ ಹರ್ಮಯೋನಿ ಗ್ರಂಥಾಲಯ ಜಾಲಾಡಿ ತಂದ ಎರಡು ಹೆಸರೂ ನೆನಪಿರಲಿ. ರೋಸಲಿಂಡ್ ಆಂಟಿಗನಿ ಬಂಗ್ಸ್, ರೂಪರ್ಟ್ ಬ್ರೂಕ್‌ಸ್ಟಾಂಟನ್. ಇಬ್ಬರೂ ಈ ಕಥೆಗೆ ಹೊಂದುವುದಿಲ್ಲ ಅಂತ ಅವಳೇ ಪಕ್ಕಕ್ಕಿಡುತ್ತಾಳೆ. ಹರ್ಮಯೋನಿಯಂಥವಳಿಗೇ ಸಿಗಲಿಲ್ಲ ಅಂದಮೇಲೆ ನಮಗೆ ಸಿಗಬೇಕಿತ್ತು ಅನ್ನುವುದು ಜಾಸ್ತಿ ಆಯಿತು.

ದೀಪದಡಿ:
ಒಂದು ಮುಖ್ಯ ವಿಷಯ ಯಾರೂ ಎತ್ತಲಿಲ್ಲ. ಆರನೇ ಪುಸ್ತಕದ ಬೇರೆ ಭಾಷೆಗಳ ಆವೃತ್ತಿ ಬಂದಾಗಲೇ ಗುಟ್ಟು ಅರ್ಧ ಬಯಲಾಗಿತ್ತು. ಡಚ್ಚಿನಲ್ಲಿ ಚೀಟಿಯ ಕೆಳಗೆ ಆರ್.ಎ.ಝಡ್. ಅಂತ ಇತ್ತು. ನಾರ್ವೆಯ ಆವೃತ್ತಿಯಲ್ಲಿ ಆರ್.ಎ.ಎಸ್. ಫಿನ್ನಿಶ್‌ನಲ್ಲಿ ಆರ್.ಎ.ಎಂ. ಆ ಮೂರೂ ಕಡೆ ಬ್ಲ್ಯಾಕ್ ಮನೆತನದ ಹೆಸರನ್ನು ಆಯಾ ಭಾಷೆಗೆ ತಿರುಗಿಸಿದ್ದರು: ಝ್ವಾರ್ಟ್ಸ್, ಸ್ವಾರ್ಟ್, ಮುಸ್ತಾ. ಕೊನೆಯ ಅಕ್ಷರ ಮಾತ್ರ ಬದಲಾಗಿದೆ, ಅದೂ ಬ್ಲ್ಯಾಕ್ ಹೆಸರು ಬದಲಾದ ಹಾಗೇ. ಇನ್ನೇನು ಬೇಕು?

ಅದಕ್ಕೂ ಮೊದಲು, ಪುಸ್ತಕ ಬಂದ ತಿಂಗಳಲ್ಲೇ, ಅಭಿಮಾನಿಗಳು ನಡೆಸಿದ ಸಂದರ್ಶನದಲ್ಲಿ ಲೇಖಕಿ ರೌಲಿಂಗ್ ಅವರನ್ನೇ ರೆಗ್ಯುಲಸ್ ಬಗ್ಗೆ ಕೇಳಿದ್ದರು. ಒಳ್ಳೆಯ ಊಹೆ ಅನ್ನುವ ಅರ್ಥದಲ್ಲಿ ಅವರು ಉತ್ತರ ಕೊಟ್ಟರು. ಆದ್ದರಿಂದ "ಎಲ್ಲರಿಗೂ ಗೊತ್ತಿತ್ತು" ಅನ್ನುವುದು ಸುಳ್ಳಲ್ಲ.

ಹಳೆಪುಟ:
ಅದನ್ನೇ ನಾನು ಹೇಳುತ್ತಿರುವುದು. ಅದು ಪುಸ್ತಕದ ಹೊರಗಿನ ಸಾಕ್ಷಿ. ಅನುವಾದಕರ ಪುಟ ಇಣುಕಿ ನೋಡುವುದೂ ಒಂದು ಬುದ್ಧಿವಂತಿಕೆಯೇ, ಅದನ್ನು ಮೆಚ್ಚುತ್ತೇನೆ. ಆದರೆ ಗೂಬೆಯಂಚೆಯವರ ಪ್ರಶ್ನೆ ಬೇರೆ. ಪುಸ್ತಕ ಮಾತ್ರ ಕೈಯಲ್ಲಿದ್ದ ಹುಡುಗಿಗೋ ಹುಡುಗನಿಗೋ ಉತ್ತರ ಸಿಗುತ್ತಿತ್ತಾ?

ನನ್ನ ದೊಡ್ಡ ತಕರಾರು ಇನ್ನೂ ಹೇಳಿಲ್ಲ. ರೆಗ್ಯುಲಸ್ ಬಗ್ಗೆ ಐದನೇ ಪುಸ್ತಕದಲ್ಲಿ ನಮಗೆ ಹೇಳುವವನು ಸಿರಿಯಸ್. ಅವನು ಏನು ಹೇಳುತ್ತಾನೆ? ಪೆದ್ದ ತಮ್ಮ. ಅಪ್ಪ ಅಮ್ಮ ಹೇಳಿದ್ದನ್ನೆಲ್ಲ ನಂಬಿದವನು. ಡೆತ್ ಈಟರ್ ಆದ. ಸ್ವಲ್ಪ ಒಳಗೆ ಹೋದಮೇಲೆ ಮಾಡಬೇಕಾದ ಕೆಲಸ ನೋಡಿ ಗಾಬರಿಯಾದ, ವಾಪಸ್ ಬರಲು ನೋಡಿದ, ಅವರು ಕೊಂದರು. ವೋಲ್ಡೆಮಾರ್ಟ್ ಖುದ್ದಾಗಿ ಕೊಲ್ಲುವಷ್ಟು ದೊಡ್ಡವನೂ ಆಗಿರಲಿಲ್ಲ. ಹೆದರಿ ಓಡಿದ ಹುಡುಗನ ಚಿತ್ರ ಇದು. ಚೀಟಿಯ ದನಿ ನೋಡಿ. ಅದರಲ್ಲಿ ಹೆದರಿಕೆಯ ಒಂದು ಎಳೆಯೂ ಇಲ್ಲ. ಇಬ್ಬರೂ ಒಬ್ಬನೇ ಅಂತ ಪುಸ್ತಕ ಓದಿದವರು ಹೇಗೆ ನಂಬಬೇಕು?

ಏಳನೇ ಮಜಲು:
ಹಳೆಪುಟ ಅವರ ತಕರಾರಿಗೆ ಗೂಬೆಯಂಚೆ ಉತ್ತರ ಕೊಡಲಿ. ನಾನು ದೋಣಿಯ ವಿಷಯಕ್ಕೆ ಬರುತ್ತೇನೆ. ಆಗಿನ ವಾದಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಅದು.

ಗುಹೆಯೊಳಗಿನ ಸರೋವರ ದಾಟಲು ಒಂದೇ ಒಂದು ಪುಟ್ಟ ದೋಣಿ. ಒಮ್ಮೆಗೆ ಒಬ್ಬ ಮಾಂತ್ರಿಕನನ್ನು ಮಾತ್ರ ಹೊರುವಂತೆ ಮಂತ್ರ ಹಾಕಿದ್ದಾರೆ. ಲಾಕೆಟ್ ಇರುವ ಪಾತ್ರೆಯ ತುಂಬ ಹಸಿರು ದ್ರವ. ಅದನ್ನು ಕುಡಿದೇ ಖಾಲಿ ಮಾಡಬೇಕು. ಕುಡಿದವನು ಅರ್ಧದಲ್ಲೇ ಬೇಡ ಬೇಡ ಅಂತ ಗೋಳಾಡುತ್ತಾನೆ. ಡಂಬಲ್‌ಡೋರ್ ಅವರಂಥವರಿಗೇ ಹ್ಯಾರಿ ಬಲವಂತವಾಗಿ ಕುಡಿಸಬೇಕಾಯಿತು. ಅಂದರೆ ಅಲ್ಲಿಗೆ ಇಬ್ಬರು ಹೋಗಲೇಬೇಕು, ಆದರೆ ದೋಣಿ ಒಬ್ಬರನ್ನೇ ಹೊರುತ್ತದೆ. ಒಬ್ಬ ಹುಡುಗ ಒಂಟಿಯಾಗಿ ಈ ಕೆಲಸ ಹೇಗೆ ಮಾಡಿದ? ರೆಗ್ಯುಲಸ್ ಅಲ್ಲ ಅನ್ನುವವರು ಇದನ್ನೇ ಹಿಡಿದುಕೊಂಡಿದ್ದರು.

ಉತ್ತರವೂ ಅದೇ ಅಧ್ಯಾಯದಲ್ಲಿದೆ. ನಾವಿಬ್ಬರೂ ಹೇಗೆ ಕೂರುವುದು ಅಂತ ಹ್ಯಾರಿ ಕೇಳಿದಾಗ ಡಂಬಲ್‌ಡೋರ್ ಹೇಳುತ್ತಾರೆ: ವೋಲ್ಡೆಮಾರ್ಟ್ ತಲೆ ಕೆಡಿಸಿಕೊಂಡದ್ದು ತೂಕಕ್ಕಲ್ಲ, ದಾಟುವ ಮಂತ್ರಶಕ್ತಿಗೆ. ನೀನು ಇನ್ನೂ ವಯಸ್ಸಿಗೆ ಬಂದಿಲ್ಲ, ನಿನ್ನನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹದಿನಾರರ ಹುಡುಗ ಅಲ್ಲಿಯವರೆಗೆ ಬರುತ್ತಾನೆ ಅಂತ ವೋಲ್ಡೆಮಾರ್ಟ್ ಕನಸಲ್ಲೂ ಎಣಿಸಿರಲಿಲ್ಲ ಅಂತ.

"ಲೆಕ್ಕಕ್ಕೆ ಹಿಡಿಯುವುದಿಲ್ಲ" ಅನ್ನುವ ಕಡೆ ಒಂದು ಕ್ಷಣ ನಿಲ್ಲಿ. ಆ ಲೋಕದಲ್ಲಿ ಯಾರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ? ಹೌಸ್ ಎಲ್ಫ್‌ಗಳನ್ನು, ಅಂದರೆ ಮಾಂತ್ರಿಕರ ಮನೆಯಲ್ಲಿ ಗುಲಾಮರಂತೆ ದುಡಿಯುವ ಪುಟ್ಟ ಜೀವಿಗಳನ್ನು. ಎರಡನೇ ಪುಸ್ತಕದ ಡಾಬಿಯಿಂದ ಹಿಡಿದು ಇದೇ ರಾಗ. ಗ್ರಿಮಾಲ್ಡ್ ಪ್ಲೇಸ್‌ನಲ್ಲಿ ಎಲ್ಫ್ ಯಾರು? ಕ್ರೀಚರ್. ಮನೆ ಶುಚಿ ಮಾಡುವಾಗ ಬಿಸಾಡಿದ ಸಾಮಾನನ್ನು ಮತ್ತೆ ಮತ್ತೆ ಬಂದು ಬಟ್ಟೆಯೊಳಗೆ ಅಡಗಿಸಿ ಒಯ್ಯಲು ನೋಡಿದವನು ಯಾರು? ಅವನೇ. ರೆಗ್ಯುಲಸ್ ಜೊತೆ ಹೋದವನು ಕ್ರೀಚರ್ ಆಗಿದ್ದರೆ ದೋಣಿ ಇಬ್ಬರನ್ನೂ ಹೊರುತ್ತಿತ್ತು. ಏಳನೇ ಪುಸ್ತಕ ಬರುವ ಮೊದಲೇ ಈ ಸರಪಳಿ ಜೋಡಿಸಿದ ಓದುಗರಿದ್ದರು. ಹೊರಗಿನ ಸಾಕ್ಷಿ ಒಂದೂ ಬೇಕಾಗಿರಲಿಲ್ಲ.

ಮಳೆಬಿಲ್ಲು:
ದೋಣಿಯ ವಾದಕ್ಕೆ ನಾನು ಸೋತೆ. ಬರ್ಕ್ ಅಂಗಡಿಗೆ ಬೀಗ ಹಾಕಿದ್ದೇನೆ.

ಆದರೂ ಒಂದು ಕೊರತೆ ಉಳಿಯುತ್ತದೆ. ನಡುವಿನ ಎ. ಆರನೇ ಪುಸ್ತಕದವರೆಗೆ ರೆಗ್ಯುಲಸ್‌ನ ಮಧ್ಯದ ಹೆಸರು ಎಲ್ಲೂ ಬಂದಿಲ್ಲ ಅಲ್ವಾ? ಏಳನೇ ಪುಸ್ತಕದಲ್ಲಿ ಅವನ ಕೋಣೆಯ ಬಾಗಿಲ ಮೇಲಿನ ಫಲಕ ನೋಡಿದಾಗಲೇ ಹ್ಯಾರಿಗೂ ನಮಗೂ ಗೊತ್ತಾಗಿದ್ದು. ಅಪ್ಪಣೆ ಇಲ್ಲದೆ ಒಳಗೆ ಬರಬಾರದು, ರೆಗ್ಯುಲಸ್ ಆರ್ಕ್ಟುರಸ್ ಬ್ಲ್ಯಾಕ್.

ಮಘೆ:
ಬಂದಿರಲಿಲ್ಲ, ನಿಜ. ಆದರೆ ಎ ಬಗ್ಗೆ ಅಂದಾಜು ಮಾಡಬಹುದಿತ್ತು. ಐದನೇ ಪುಸ್ತಕದಲ್ಲಿ ಆಲ್ಫರ್ಡ್ ಅನ್ನುವ ಮಾವನ ಪ್ರಸ್ತಾಪ ಇದೆ, ಮನೆ ಬಿಟ್ಟುಹೋದ ಸಿರಿಯಸ್‌ಗೆ ದುಡ್ಡು ಬಿಟ್ಟುಹೋದವನು. ಆ ಮನೆತನಕ್ಕೆ ನಕ್ಷತ್ರದ ಹೆಸರಿಡುವ ರೂಢಿ. ಸಿರಿಯಸ್ ಅಂದರೆ ನಮ್ಮ ಲುಬ್ಧಕ. ರೆಗ್ಯುಲಸ್ ಅಂದರೆ ಮಘಾ. ಆಲ್ಫರ್ಡ್, ಆರ್ಕ್ಟುರಸ್ ಎರಡೂ ನಕ್ಷತ್ರಗಳೇ, ಎರಡೂ ಎ.

ಮಘಾ ಇರುವುದು ಸಿಂಹರಾಶಿಯಲ್ಲಿ, ಸಿಂಹದ ಎದೆಯ ಜಾಗದಲ್ಲಿ. ಶಾಲೆಯ ಸ್ಲಿದರಿನ್ ಬಣದ ಹುಡುಗನಿಗೆ ಸಿಂಹದ ಎದೆಯ ಹೆಸರು! ಎದುರು ಬಣ ಗ್ರಿಫಿಂಡೋರ್‌ನ ಲಾಂಛನ ಸಿಂಹ ಅಂತ ನೆನಪಿದ್ದವರಿಗೆ ಅಲ್ಲೇ ಏನೋ ಹೊಳೆಯಬೇಕು. ಇದನ್ನು ಸಾಕ್ಷಿ ಅಂತ ಕರೆಯುವುದಿಲ್ಲ. ಆದರೆ ನಕ್ಷತ್ರ ನೋಡುವ ಹವ್ಯಾಸ ಇರುವ ನನಗೆ ಈ ಹುಡುಗನ ಮೇಲೆ ಐದನೇ ಪುಸ್ತಕದಿಂದಲೇ ಒಂದು ಕಣ್ಣು ಇತ್ತು.

ಗೂಬೆಯಂಚೆ:
ಹಳೆಪುಟ ಅವರೇ, ನಿಮ್ಮ ತಕರಾರೇ ಈ ಚರ್ಚೆಯ ತಿರುಳು. ಅದಕ್ಕೇ ನಿಧಾನವಾಗಿ ಬರೆಯುತ್ತಿದ್ದೇನೆ.

ಹೆದರಿ ಓಡಿದ ಹುಡುಗನ ಚಿತ್ರ ಕೊಟ್ಟವನು ಸಿರಿಯಸ್. ಅವನು ಹದಿನಾರಕ್ಕೇ ಮನೆ ಬಿಟ್ಟವನು. ತಮ್ಮನೇ ಒಳ್ಳೆಯ ಮಗ ಅಂತ ಮನೆಯಲ್ಲಿ ದಿನವೂ ಕೇಳಿಸಿಕೊಂಡು ಬೆಳೆದವನು. ತಮ್ಮ ಸತ್ತದ್ದು ಹೇಗೆ ಅಂತ ಅವನಿಗೆ ನೋಡಿ ಗೊತ್ತಿಲ್ಲ, ಆಮೇಲೆ ಯಾರೋ ಹೇಳಿ ಗೊತ್ತು. ಆ ಸಂಭಾಷಣೆ ಮತ್ತೊಮ್ಮೆ ಓದಿ. ಗೋಡೆಯ ಮೇಲಿನ ವಂಶವೃಕ್ಷದ ಮುಂದೆ ನಿಂತು ಮಾತಾಡುತ್ತಾನೆ. ಅಲ್ಲಿ ತಮ್ಮನ ಹೆಸರು, ಸತ್ತ ದಿನ ಎರಡೂ ಇವೆ. ತನ್ನ ಹೆಸರಿನ ಜಾಗದಲ್ಲಿ ಅಮ್ಮ ಸುಟ್ಟ ತೂತು. ಅಂಥ ಕಡೆ ನಿಂತ ಅಣ್ಣನ ಬಾಯಿಂದ ತಮ್ಮನ ಬಗ್ಗೆ ಬೇರೆ ಮಾತು ಬರುತ್ತಿತ್ತಾ? ಸಿರಿಯಸ್ ಸುಳ್ಳು ಹೇಳಲಿಲ್ಲ. ಅವನಿಗೆ ಗೊತ್ತಿದ್ದದ್ದೇ ಅಷ್ಟು. ನಾವು ಸಿರಿಯಸ್‌ನನ್ನು ಪ್ರೀತಿಸಿದೆವು. ಅದಕ್ಕೇ ಅವನ ಮಾತನ್ನು ಲೇಖಕಿಯ ಮಾತು ಅಂದುಕೊಂಡೆವು. ನಮ್ಮನ್ನು ದಾರಿ ತಪ್ಪಿಸಿದ್ದು ಸುಳಿವಿನ ಕೊರತೆಯಲ್ಲ, ಈ ಪ್ರೀತಿ.

ಆರನೇ ಪುಸ್ತಕದಲ್ಲಿ ರೆಗ್ಯುಲಸ್ ಹೆಸರನ್ನು ಲೇಖಕಿ ಎರಡು ಸಲ ಮತ್ತೆ ನೆನಪಿಸುತ್ತಾರೆ. ಸ್ಲಿದರಿನ್ ಬಣದ ಹಳೇ ಮೇಷ್ಟ್ರು ಸ್ಲಗ್‌ಹಾರ್ನ್ ಮೊದಲ ಭೇಟಿಯಲ್ಲೇ, ಅಣ್ಣ ನನ್ನ ಕೈಗೆ ಸಿಗಲಿಲ್ಲ, ತಮ್ಮ ಸಿಕ್ಕಿದ, ಜೋಡಿ ಪೂರ್ತಿ ಸಿಕ್ಕಿದ್ದರೆ ಚೆನ್ನಾಗಿತ್ತು ಅನ್ನುತ್ತಾನೆ. ಆಮೇಲೆ ಹ್ಯಾರಿಯ ಹುಟ್ಟುಹಬ್ಬದ ದಿನ ಮಾಜಿ ಡೆತ್ ಈಟರ್ ಕಾರ್ಕರಾಫ್ ಸತ್ತ ಸುದ್ದಿ ಬರುತ್ತದೆ. ಆಗ ಹ್ಯಾರಿಯ ಹಳೇ ಮೇಷ್ಟ್ರು ಲೂಪಿನ್, ಡೆತ್ ಈಟರ್‌ಗಳನ್ನು ಬಿಟ್ಟುಬಂದಮೇಲೆ ಅವನು ಒಂದು ವರ್ಷ ಬದುಕಿದ್ದೇ ಆಶ್ಚರ್ಯ, ಸಿರಿಯಸ್‌ನ ತಮ್ಮ ರೆಗ್ಯುಲಸ್ ಕೆಲವೇ ದಿನ ಉಳಿದದ್ದು ಅನ್ನುತ್ತಾನೆ. ಆ ಇಡೀ ಪುಸ್ತಕದ ಕಥೆಗೆ ರೆಗ್ಯುಲಸ್ ಬೇಕಾಗಿಯೇ ಇಲ್ಲ. ಹಾಗಿದ್ದೂ ಎರಡು ಸಲ ಬರುತ್ತಾನೆ, ಪುಸ್ತಕದ ಮೊದಲ ಭಾಗದಲ್ಲೇ. ಇದಕ್ಕಿಂತ ಜೋರಾಗಿ ಕೂಗಿ ಹೇಳಲು ಆಗುತ್ತಿರಲಿಲ್ಲ.

ಚೀಟಿಯ ಧೈರ್ಯಕ್ಕೆ ಬರೋಣ. ಗಾಬರಿಯಾದವನು ಧೈರ್ಯವಂತ ಆಗಬಾರದು ಅಂತ ಏನಿದೆ? ಏಳನೇ ಪುಸ್ತಕದಲ್ಲಿ ಕ್ರೀಚರ್ ಹೇಳುವ ಕಥೆಯಲ್ಲಿ ರೆಗ್ಯುಲಸ್ ಹೆದರಿರುತ್ತಾನೆ. ತನ್ನ ಎಲ್ಫನ್ನು ವೋಲ್ಡೆಮಾರ್ಟ್ ಆ ದ್ರವ ಕುಡಿಸಿ ಸಾಯಲು ಬಿಟ್ಟುಬಂದ ಅಂತ ತಿಳಿದಮೇಲೆ ಅವನ ನೆಮ್ಮದಿ ಹೋಗುತ್ತದೆ. ಅದೇ ಹುಡುಗ ಮುಂದೆ ಕ್ರೀಚರ್‌ನನ್ನು ಗುಹೆಗೆ ಕರೆದುಕೊಂಡು ಹೋಗುತ್ತಾನೆ. ಆದರೆ ದ್ರವ ತಾನೇ ಕುಡಿಯುತ್ತಾನೆ. ಲಾಕೆಟ್ ಬದಲಿಸು, ನನ್ನನ್ನು ಬಿಟ್ಟು ಮನೆಗೆ ಹೋಗು, ಇದನ್ನು ನಾಶ ಮಾಡು ಅಂತಾನೆ. ಮನೆತನದ ಹೆಮ್ಮೆಗಾಗಿ ಡೆತ್ ಈಟರ್ ಆದವನು ಒಬ್ಬ ಮನೆಯಾಳಿಗೆ ಆದ ಅನ್ಯಾಯಕ್ಕೆ ಪ್ರಾಣ ಕೊಟ್ಟ. ಇಡೀ ಸರಣಿಯಲ್ಲಿ ನನ್ನನ್ನು ಅತಿ ಹೆಚ್ಚು ಕಲಕಿದ ಪಾತ್ರ ಇದು. ಅವನು ಒಂದೇ ಒಂದು ಸಲವೂ ನಮ್ಮ ಮುಂದೆ ಬಂದು ಮಾತಾಡುವುದಿಲ್ಲ.

ಹಳೆಪುಟ:
ಸಿರಿಯಸ್ ಬಗ್ಗೆ ನೀವು ಹೇಳಿದ್ದು ಸರಿ. ಸಾಕ್ಷಿಯನ್ನು ಅಳೆಯದೆ ನಂಬಿದೆವು. ಲೂಪಿನ್ ಮಾತೂ ಬಲವಾದದ್ದೇ. ಲಾಕೆಟ್‌ನ ಅರ್ಧ ವಾಕ್ಯ ಸಾಲದು ಅನ್ನುವ ನನ್ನ ಮಾತು ಮಾತ್ರ ಹಾಗೇ ಇದೆ. ವ್ಯಕ್ತಿಯನ್ನು ಹುಡುಕಲು ಸುಳಿವು ಸಾಕಷ್ಟಿತ್ತು, ವಸ್ತುವನ್ನು ಹುಡುಕಲು ಇರಲಿಲ್ಲ. ಆರನೇ ಪುಸ್ತಕದಲ್ಲಿ ಕಳ್ಳವ್ಯಾಪಾರಿ ಮಂಡಂಗಸ್ ಗ್ರಿಮಾಲ್ಡ್ ಪ್ಲೇಸ್ ಮನೆಯ ಬೆಳ್ಳಿ ಸಾಮಾನು ಮಾರುತ್ತಾ ಸಿಕ್ಕಿಬಿದ್ದಾಗ ಸಾಮಾನಿನ ರಾಶಿಯಲ್ಲಿ ಲಾಕೆಟ್ ಅಂತ ಒಂದು ಪದ ಹಾಕಿದ್ದರೂ ನಾನು ಸುಮ್ಮನಾಗುತ್ತಿದ್ದೆ.

ದೀಪದಡಿ:
ಹಾಕಿದ್ದರೆ ಅಲ್ಲಿಗೇ ಆಟ ಮುಗಿಯುತ್ತಿತ್ತು!

ನನ್ನದೊಂದು ಪ್ರಶ್ನೆ. ಕ್ರೀಚರ್ ಇಷ್ಟೆಲ್ಲ ತಿಳಿದೂ ಐದನೇ ಪುಸ್ತಕದಲ್ಲಿ ಯಾಕೆ ಬಾಯಿ ಬಿಡಲಿಲ್ಲ? ಸಿರಿಯಸ್ ಒಮ್ಮೆ ಕೂರಿಸಿಕೊಂಡು ಕೇಳಿದ್ದರೆ ಕಥೆಯೇ ಬದಲಾಗುತ್ತಿತ್ತು ಅಂತ ತುಂಬಾ ಜನ ಬರೆಯುತ್ತಾರೆ. ಎಲ್ಫ್‌ಗಳನ್ನು ಕೀಳಾಗಿ ಕಂಡ ಸಿರಿಯಸ್‌ಗೆ ಸಿಕ್ಕ ಪಾಠ ಅಂತ.

ಏಳನೇ ಮಜಲು:
ಸಿರಿಯಸ್ ಕೇಳಿದ್ದರೂ ಕ್ರೀಚರ್ ಹೇಳಲು ಆಗುತ್ತಿರಲಿಲ್ಲ. ಅವನೇ ಅಳುತ್ತಾ ಹೇಳುತ್ತಾನೆ. ಮಗ ಕಾಣೆಯಾದ ಅಂತ ಅಮ್ಮ ಹುಚ್ಚಿಯಂತಾಗಿದ್ದರೂ ತಾನು ಬಾಯಿ ಬಿಡುವಂತಿರಲಿಲ್ಲ, ಯಾಕೆಂದರೆ ಮನೆಯವರು ಯಾರಿಗೂ ಹೇಳಕೂಡದು ಅಂತ ರೆಗ್ಯುಲಸ್ ಅಪ್ಪಣೆ ಮಾಡಿದ್ದ. ಸಿರಿಯಸ್ ಮನೆಯವನೇ.

ಮಳೆಬಿಲ್ಲು:
ಅವನ ಹೆಸರನ್ನು ವಂಶವೃಕ್ಷದಿಂದ ಸುಟ್ಟು ತೆಗೆದಿದ್ದರಲ್ಲ? ಅಮ್ಮನ ಪ್ರಕಾರ ಅವನು ಮನೆಯವನಲ್ಲ. ಕ್ರೀಚರ್‌ಗೆ ಅಮ್ಮನ ಮಾತೇ ವೇದ.

ಏಳನೇ ಮಜಲು:
ಬಟ್ಟೆಯ ಮೇಲೆ ತೂತು ಮಾಡಿದರೆ ಸಂಬಂಧ ಕಡಿಯುವುದಿಲ್ಲ ಅಂತ ಪುಸ್ತಕವೇ ಹೇಳುತ್ತದೆ. ಮನೆ ಸಿರಿಯಸ್‌ಗೇ ಬಂತು. ಎಷ್ಟೇ ಗೊಣಗಿದರೂ ಕ್ರೀಚರ್ ಅವನ ಅಪ್ಪಣೆ ಮೀರಲಾರದೆ ಒದ್ದಾಡಿದ. ಸಿರಿಯಸ್ ಉಯಿಲು ಬರೆದಿದ್ದರಿಂದಲೇ ಮನೆ, ಎಲ್ಫ್ ಎರಡೂ ಹ್ಯಾರಿಗೆ ಹೋದವು. ಆರನೇ ಪುಸ್ತಕದ ಶುರುವಿನಲ್ಲಿ ಡಂಬಲ್‌ಡೋರ್ ಅದನ್ನೇ ಪರೀಕ್ಷೆ ಮಾಡಿ ನೋಡುತ್ತಾರೆ.

ಈಗ ನೋಡಿ. ಕ್ರೀಚರ್ ಬಾಯಿ ಬಿಡಬೇಕಾದರೆ ಎರಡು ಷರತ್ತು. ಕೇಳುವವನು ಅವನ ಒಡೆಯ ಆಗಿರಬೇಕು, ಇಲ್ಲದಿದ್ದರೆ ಉತ್ತರ ಕೊಡುವ ಹಂಗಿಲ್ಲ. ಹರ್ಮಯೋನಿ ಎಷ್ಟು ಪ್ರೀತಿಯಿಂದ ಮಾತಾಡಿಸಿದರೂ ಬೈಗುಳ ತಿಂದದ್ದು ನೆನಪಿದೆಯಲ್ಲ. ಎರಡನೆಯದು, ಕೇಳುವವನು ಬ್ಲ್ಯಾಕ್ ಮನೆತನದವನು ಆಗಿರಬಾರದು. ಆ ಮನೆಯ ಒಡೆಯ ಆ ಮನೆತನದವನಲ್ಲದೇ ಇರುವುದು ಹ್ಯಾರಿಯ ಕಾಲದಲ್ಲಿ ಮಾತ್ರ. ಅಂದರೆ ಸಿರಿಯಸ್ ಸತ್ತಮೇಲೆ.

ಹಳೆಪುಟ:
ಇದನ್ನು ನಾನು ಹೀಗೆ ಯೋಚಿಸಿರಲಿಲ್ಲ. ಆದರೆ ಒಂದು ಸಂದು ಉಳಿದಿದೆ. ತಮ್ಮನ ಬಗ್ಗೆ ಗೊತ್ತಿರುವುದನ್ನೆಲ್ಲ ಲೂಪಿನ್‌ಗೆ ಹೇಳು ಅಂತ ಸಿರಿಯಸ್ ಕ್ರೀಚರ್‌ಗೆ ಅಪ್ಪಣೆ ಮಾಡಬಹುದಿತ್ತು. ಲೂಪಿನ್ ಮನೆಯವನಲ್ಲ. ರೆಗ್ಯುಲಸ್‌ನ ಮಾತೂ ಮೀರಿದ ಹಾಗಾಗುತ್ತಿರಲಿಲ್ಲ.

ಗೂಬೆಯಂಚೆ:
ಮಾಡಬಹುದಿತ್ತು. ಆದರೆ ತಮ್ಮ ಸತ್ತದ್ದರಲ್ಲಿ ತಿಳಿಯದ್ದು ಏನೋ ಇದೆ ಅನ್ನುವ ಅನುಮಾನ ಮೊದಲು ಹುಟ್ಟಬೇಕಲ್ಲ. ಐದನೇ ಪುಸ್ತಕದ ಸಿರಿಯಸ್‌ಗೆ ಆ ಅನುಮಾನ ಹುಟ್ಟುವ ಒಂದು ಜಾಗವಾದರೂ ಇದ್ದರೆ ಅಧ್ಯಾಯ ಹೇಳಿ, ಓದಿ ಬರುತ್ತೇನೆ.